ಬೀರು ಬರುವ ಮುನ್ನ

ಹಿಂದೂಪುರದ ಹಳೆಯ ಮನೆಗಳಲ್ಲಿ ನಾಲ್ಕು ಗೋಡೆಗಳೂ ನೆಟ್ಟಗಿರುವ ಕೋಣೆಯನ್ನು ಹುಡುಕುವುದು ಸುಲಭವಲ್ಲ. ಕಲ್ಲು ಮಣ್ಣಿನ ಗೋಡೆ. ಅದರ ಮೇಲೆ ತಲೆಮಾರಿಗೊಂದು ಗಾರೆ, ವರ್ಷಕ್ಕೊಂದು ಸುಣ್ಣ. ನಮ್ಮ ಸಂಘದ ಪುಸ್ತಕಗಳಿಗೆ ದೊರೆತುದು ಇಂಥದೇ ಒಂದು ಮನೆಯ ಅಟ್ಟದ ಕೆಳಗಿನ ಕೋಣೆ. ಅದುವರೆಗೆ ಅವು ತಗಡಿನ ಪೆಟ್ಟಿಗೆಗಳಲ್ಲಿದ್ದುವು. ಕೇಳಿದ ವಿದ್ಯಾರ್ಥಿಗೆ ಪುಸ್ತಕವನ್ನು ತೆಗೆದುಕೊಡುವಷ್ಟರಲ್ಲಿ ಅವನ ಉತ್ಸಾಹವೇ ಆರಿಹೋಗುತ್ತಿತ್ತು. ಸದಸ್ಯರು ಕೊಟ್ಟ ಚಿಲ್ಲರೆ ಹಣ ಕೂಡಿ ಮೂರು ಬೀರುಗಳಿಗಾಯಿತು. ನಾಲ್ಕನೆಯದಕ್ಕಾಗಲಿ, ಕೆಟ್ಟದ್ದನ್ನು ಮತ್ತೆ ಮಾಡಿಸುವುದಕ್ಕಾಗಲಿ ಹಣವಿರಲಿಲ್ಲ.

ಆದ್ದರಿಂದ ಅಳತೆಗೆ ಒಂದು ಭಾನುವಾರವನ್ನೇ ಮೀಸಲಿಟ್ಟೆವು. ಉದ್ದನೆಯ ಗೋಡೆಯನ್ನು ನೆಲದ ಮಟ್ಟದಲ್ಲಿ ಅಳೆದರೆ ೧೦ ಅಡಿ ೪ ಇಂಚು. ಸೊಂಟದ ಎತ್ತರದಲ್ಲಿ ೧೦ ಅಡಿ ೩ ಇಂಚು. ತಲೆಯ ಮೇಲೆ ೧೦ ಅಡಿ ೨½ ಇಂಚು. ಸರಾಸರಿ ತೆಗೆಯೋಣವೆಂದು ಹುಡುಗನೊಬ್ಬ ಸೂಚಿಸಿದ. ಗಣಿತದ ಪಾಠ ಅವನಿಗೆ ಚೆನ್ನಾಗಿ ಹತ್ತಿದೆ, ಸಂತೋಷವೇ. ಆದರೆ ಬೀರು ಸರಾಸರಿ ಗೋಡೆಯ ನಡುವೆ ನಿಲ್ಲುವುದಿಲ್ಲ, ಅತ್ಯಂತ ಇಕ್ಕಟ್ಟಾದ ಕಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಕಡಿಮೆಯ ಅಳತೆಯನ್ನೇ ಹಿಡಿದು, ಎರಡು ಪಕ್ಕಗಳಲ್ಲಿ ಅರ್ಧರ್ಧ ಇಂಚು ಬಿಟ್ಟೆವು. ಉಳಿದ ೧೨೧½ ಇಂಚನ್ನು ಮೂರು ಬೀರುಗಳಿಗೆ ಹಂಚಿದರೆ ತಲಾ ೪೦½ ಇಂಚು.

ಮೂಲೆಯ ಪರೀಕ್ಷೆಗೆ ಒಂದು ಗೋಡೆಯ ಮೇಲೆ ೩ ಅಡಿಗೆ, ಪಕ್ಕದ ಗೋಡೆಯ ಮೇಲೆ ೪ ಅಡಿಗೆ ಗುರುತು ಹಾಕಿ ನಡುವೆ ಅಡ್ಡಲಾಗಿ ಅಳೆದೆವು. ೫ ಅಡಿ ಬಂದರೆ ಮೂಲೆ ನೇರ. ಬಂದುದು ಒಂದು ಇಂಚು ಕಡಿಮೆ. ಕರ್ಣದ ಈ ಲೆಕ್ಕ ಬೌಧಾಯನ ಶುಲ್ಬಸೂತ್ರದ ಕಾಲದಿಂದಲೂ ನಮ್ಮವರಿಗೆ ಗೊತ್ತಿದ್ದುದೇ. ಇಂಥ ಮೂಲೆಯಲ್ಲಿ ಬೀರನ್ನು ಒತ್ತಿ ನಿಲ್ಲಿಸಿದರೆ ಅದರ ಬಾಗಿಲು ಪಕ್ಕದ ಗೋಡೆಗೆ ತಗಲುವುದುಂಟು. ಅಲ್ಲಿ ಒಂದು ಮರದ ಪಟ್ಟಿಗೆ ಜಾಗ ಬೇಕೆಂದು ಬರೆದುಕೊಂಡೆವು. ನೆಲವೂ ನೀರು ಹರಿದುಹೋಗಲೆಂದು ಇಳಿಜಾರಾಗಿತ್ತು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ನೋಡಿದರೆ ಈ ಕೊನೆಗೂ ಆ ಕೊನೆಗೂ ಅರ್ಧ ಇಂಚಿನ ವ್ಯತ್ಯಾಸ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದುದು ಎತ್ತರ. ಅಟ್ಟದ ಹಲಗೆ ನೆಲದಿಂದ ೭೯ ಇಂಚು. ೭೮ ಇಂಚಿನ ಬೀರು ಅದರ ಕೆಳಗೆ ಸಲೀಸಾಗಿ ನಿಲ್ಲುತ್ತದೆಂದು ಯಾರಾದರೂ ಹೇಳಿಯಾರು. ನಿಲ್ಲುವುದೇನೋ ನಿಜ, ಆದರೆ ನಿಲ್ಲಿಸುವುದು ಹೇಗೆ? ತಗ್ಗಾದ ಬಾಗಿಲಿನಲ್ಲಿ ಅದನ್ನು ಮಲಗಿಸಿಯೇ ತರಬೇಕು, ಒಳಗೆ ಎತ್ತಬೇಕು. ಎತ್ತುವಾಗ ಅಡ್ಡಬರುವುದು ಅದರ ಎತ್ತರವಲ್ಲ, ಕರ್ಣ. ೧೬ ಇಂಚು ಆಳದ ಬೀರಿಗೆ ಅದು ೭೯½ ಇಂಚನ್ನೂ ಮೀರುತ್ತದೆ! ಎತ್ತರವನ್ನು ೭೬ಕ್ಕೆ ಇಳಿಸಿದರೆ ಕರ್ಣ ೭೮ ಇಂಚಿನೊಳಗೆ ನಿಲ್ಲುತ್ತದೆ. ಹುಡುಗರು ಈ ಲೆಕ್ಕವನ್ನು ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಮಾಡಿದರು. ಒರೆಸಲು ನಮಗೆ ಮನಸ್ಸಾಗಲಿಲ್ಲ.

೧೯೫೬ರ ಶಾಸನ ಮೀಟರಿನ ಅಳತೆಯನ್ನು ತಂದಿತಷ್ಟೆ. ಬಡಗಿಯ ಬಾಯಲ್ಲಿ ಮಾತ್ರ ಇಂದಿಗೂ ಅಡಿ, ಇಂಚು, ಇಂಚಿನ ಎಂಟನೆಯ ಪಾಲಾದ ನೂಲು. ಪ್ಲೈವುಡ್ಡಿನ ಹಲಗೆಯಂತೂ ಎರಡು ದೋಣಿಯಲ್ಲಿ ಕಾಲಿಟ್ಟಿದೆ: ಅಗಲ ಉದ್ದಗಳು ೪ ಅಡಿ, ೮ ಅಡಿ, ದಪ್ಪ ೧೯ ಮಿಲಿಮೀಟರು. ಹೀಗಾಗಿ ಪ್ರತಿಯೊಂದು ಅಂಕಿಯ ಮುಂದೆಯೂ ಮಾನವನ್ನು ಬರೆದೆವು.

ಮರುದಿನ ಬಡಗಿಯವರು ಬಂದು ನಮ್ಮ ಕಾಗದವನ್ನು ಗಮನವಿಟ್ಟು ನೋಡಿದರು. "ಚೆನ್ನಾಗಿದೆ ಮೇಷ್ಟ್ರೇ, ಆದರೆ ಮರ ಕೊಯ್ಯುವವನು ನಾನು" ಎಂದು ತಮ್ಮ ಟೇಪನ್ನು ತೆಗೆದು ಎಲ್ಲವನ್ನೂ ಮೊದಲಿನಿಂದ ಅಳೆದರು. ಎರಡು ಅಳತೆಗಳಿಗೂ ಒಂದು ನೂಲಿನಷ್ಟೂ ವ್ಯತ್ಯಾಸ ಬರಲಿಲ್ಲ. ಬಳಿಕ ಎಲ್ಲಕ್ಕಿಂತ ದೊಡ್ಡ ಪುಸ್ತಕ ಯಾವುದೆಂದು ಕೇಳಿದರು. ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತೋರಿಸಿದೆವು. ಒಂದು ಸಂಪುಟವನ್ನು ಕೈಯಲ್ಲಿ ತೂಗಿ ನೋಡಿ, ಇದರ ಹಲಗೆಗೆ ನಡುವೆ ಒಂದು ಆಸರೆ ಕೊಡಬೇಕು, ಇಲ್ಲದಿದ್ದರೆ ಬಾಗುತ್ತದೆ ಎಂದು ಗೋಡೆಯ ಮೇಲೆ ಗೆರೆಯೊಂದನ್ನು ಎಳೆದರು. ಅದು ನಮ್ಮ ಕಾಗದದಲ್ಲಿರಲಿಲ್ಲ, ಬರೆದುಕೊಂಡೆವು.