ಒಂದೊಂದೇ ಚಮಚ

ಕೂಸಿಗೆ ಭೇದಿ ಹತ್ತಿದರೆ ಮನೆಯವರೆಲ್ಲರ ಪ್ರಶ್ನೆ ಒಂದೇ: ಕಟ್ಟಿಸುವುದು ಹೇಗೆ? ಹಲ್ಲು ಬರುವ ಹೊತ್ತು, ತಾನೇ ಹೋಗುತ್ತದೆ ಎಂದು ಅಜ್ಜಿ ಅನ್ನುತ್ತಾಳೆ. ಪಕ್ಕದ ಮನೆಯವರು ದೃಷ್ಟಿ ತೆಗೆಯಲು ಹೇಳುತ್ತಾರೆ. ಕುಡಿಸಿದ್ದೆಲ್ಲ ಹೊರಗೇ ಬರುತ್ತಿದೆಯಲ್ಲ, ಹಾಲು ನೀರು ನಿಲ್ಲಿಸಿ ಅನ್ನುವವರೂ ಇದ್ದಾರೆ. ಜೀವಕ್ಕೆ ಎರವಾಗುವುದು ಈ ಕೊನೆಯ ಸಲಹೆ. ಮೈಯೊಳಗಿನ ನೀರು, ಉಪ್ಪು ಹರಿದುಹೋಗಿಯೇ ಮಗು ಸೋಲುವುದು.

ಹೋದದ್ದನ್ನು ಬಾಯಿಂದಲೇ ತುಂಬಿಕೊಡಬಹುದು ಎಂಬುದು ದೊಡ್ಡ ಮಟ್ಟದಲ್ಲಿ ಕಣ್ಣಿಗೆ ಕಂಡದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರಿಂದ ಬಂಗಾಳದ ಬನಗಾಂವ್ ತುಂಬಿತ್ತು, ಕಾಲರಾ ಹಬ್ಬಿತ್ತು, ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಕರುಳಿನ ಗೋಡೆ ಗ್ಲೂಕೋಸನ್ನು ಹೀರುವಾಗ ಸೋಡಿಯಂ ಅನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಸೇರುತ್ತದೆ. ಭೇದಿ ಜೋರಾಗಿರುವಾಗಲೂ ಈ ದಾರಿ ಮುಚ್ಚುವುದಿಲ್ಲ.

1980ರಿಂದ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಇದನ್ನೇ ಮನೆಮನೆಗೆ ಒಯ್ದಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹತ್ತು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರು ಕಲಿತರು. ಕಾರ್ಯಕರ್ತೆಯರ ಸಂಬಳ ನಿಂತಿದ್ದುದು ತಾಯಿ ಎಷ್ಟನ್ನು ನೆನಪಿಟ್ಟುಕೊಂಡಳು ಎಂಬುದರ ಮೇಲೆ. ಆದರೂ ಮೊದಮೊದಲು, ಬೆರೆಸಲು ಕಲಿತ ಮನೆಗಳಲ್ಲೇ ಬಳಕೆ ಕಡಿಮೆಯಿತ್ತು. ವಿಚಾರಿಸಿದರೆ, ಕಲಿಸಲು ಹೋದವರಲ್ಲೇ ಅನೇಕರಿಗೆ ಆ ನೀರಿನ ಮೇಲೆ ನಂಬಿಕೆ ಇರಲಿಲ್ಲ!

ನಂಬಿಕೆ ಕುಸಿಯಲು ಕಾರಣವೂ ಇದೆ. ಓಆರ್‌ಎಸ್ ಎಂದು ಕರೆಯುವ ಈ ಉಪ್ಪು-ಸಿಹಿ ನೀರು ಭೇದಿಯನ್ನು ಕೂಡಲೇ ಕಟ್ಟುವುದಿಲ್ಲ. ಮಗು ಕುಡಿಯುತ್ತಲೇ ಇರುತ್ತದೆ, ಭೇದಿಯೂ ಆಗುತ್ತಲೇ ಇರುತ್ತದೆ. ಮಾರನೆಯ ದಿನಕ್ಕೆ ತಾಯಿ ಧೈರ್ಯ ಉಡುಗಿ, ಭೇದಿ ನಿಲ್ಲಿಸುವ ಔಷಧಕ್ಕೆ ಅಂಗಡಿಗೆ ಓಡುತ್ತಾಳೆ. ಲೋಪೆರಮೈಡ್‌ನಂಥವು ಎಳೆಯ ಮಕ್ಕಳಿಗೆ ಕೂಡದು. ಓಆರ್‌ಎಸ್ ಪೊಟ್ಟಣ ಕೊಡುವ ಆಶಾ ಕಾರ್ಯಕರ್ತೆ, ಭೇದಿ ಕೂಡಲೇ ನಿಲ್ಲದು ಎಂಬ ಮಾತನ್ನು ಮೊದಲೇ ಬಿಡಿಸಿ ಹೇಳಿದರೆ ಅರ್ಧ ಚಿಕಿತ್ಸೆ ಅಲ್ಲೇ ಆದಂತೆ.

ಇನ್ನೊಂದು ಎಡವಟ್ಟು ಅಳತೆಯದು. ಲೀಟರಿನ ಪೊಟ್ಟಣವನ್ನು ಲೋಟಕ್ಕಿಷ್ಟು ಉದುರಿಸಿ ಮಡಚಿಡುತ್ತಾರೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಕಡಿಮೆಯಾದರೆ ಫಲವಿಲ್ಲ. ಪೂರ್ತಿ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಬೇಕು, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ತಡೆದು, ಇನ್ನೂ ನಿಧಾನವಾಗಿ ಮತ್ತೆ ಶುರು. ನಡುರಾತ್ರಿಯಲ್ಲಿ ಅಳುವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹೀಗೆ ಗಂಟೆಗಟ್ಟಲೆ ಕೂರುವುದು ಸುಲಭವಲ್ಲ. ಕೈ ಬದಲಿಸಲು ಮನೆಯ ಗಂಡಸರೂ ಎದ್ದು ಬರಬೇಕು.

ಎದೆಹಾಲು ನಿಲ್ಲಿಸಬಾರದು. ಆರು ತಿಂಗಳು ದಾಟಿದ್ದರೆ ಗಂಜಿ, ಮೆತ್ತಗಿನ ಮೊಸರನ್ನ, ಬಾಳೆಹಣ್ಣು ನಡೆಯಲಿ. ಕಣ್ಣು ಗುಳಿಬಿದ್ದರೆ, ಅತ್ತರೂ ನೀರು ಬರದಿದ್ದರೆ, ಚಿವುಟಿದ ಚರ್ಮ ನಿಧಾನವಾಗಿ ಇಳಿದರೆ, ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ, ದಾರಿಯುದ್ದಕ್ಕೂ ಕುಡಿಸುತ್ತಲೇ. ಓಆರ್‌ಎಸ್ ಜೊತೆಗೆ ಕೊಡುವ ಜಿಂಕ್ ಮಾತ್ರೆಯನ್ನು ಮೂರನೆಯ ದಿನ ಭೇದಿ ನಿಂತಿತೆಂದು ಬಹಳ ಜನ ಬಿಟ್ಟುಬಿಡುತ್ತಾರೆ. ಅದನ್ನು 14 ದಿನವೂ ಕೊಡಬೇಕು: ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದನ್ನು ಅದು ಕಡಿಮೆ ಮಾಡುತ್ತದೆ.