ಚೌಳಹಿರಿಯೂರಿನ ಬರಕ್ಕೆ ಯಾರು ಹೊಣೆ?

ಕಡೂರು ಸೀಮೆಯಲ್ಲಿ ಮಳೆ ಕೈಕೊಟ್ಟರೆ ಜನ ಬೈಯುವುದು ಮೋಡವನ್ನು, ಅದು ಸಾಲದಾದರೆ ಸರ್ಕಾರವನ್ನು. ಚೌಳಹಿರಿಯೂರಿನ ಮಟ್ಟಿಗೆ ಮೊದಲ ದೂರು ಹೋಗಬೇಕಾದದ್ದು ಮಡಗಾಸ್ಕರಿನ ಮೇಲೆ. ಸುಮಾರು 9 ಕೋಟಿ ವರ್ಷಗಳ ಹಿಂದಿನವರೆಗೆ ಆ ದ್ವೀಪ ನಮ್ಮ ಪಡುವಣ ಅಂಚಿಗೆ ಅಂಟಿಕೊಂಡಿತ್ತು. ಭೂಫಲಕ ಸೀಳಿ ಅದು ದೂರ ಸರಿಯಿತು, ಸೀಳಿದ ಅಂಚು ಇತ್ತ ಎತ್ತರವಾಗಿ ಉಳಿಯಿತು. ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಆ ಕಾಲದಲ್ಲಿ ಉಕ್ಕಿ ಆರಿದ ಲಾವಾ; ಅದೇ ವಯಸ್ಸಿನ ಲಾವಾ ಮಡಗಾಸ್ಕರಿನಲ್ಲೂ ಇದೆ. ಆ ಅಂಚೇ ಸವೆಯುತ್ತ ಪಶ್ಚಿಮಘಟ್ಟವಾಯಿತು. ಮುಂಗಾರು ತನ್ನ ನೀರಿನ ಬಹುಪಾಲನ್ನು ಅಲ್ಲೇ ಸುರಿದು, ಉಳಿದಿದ್ದನ್ನೂ ಬಾಬಾಬುಡನ್ ಗಿರಿಗೆ ಕೊಟ್ಟು, ಬರಿಗೈಯಲ್ಲಿ ಬಯಲಿಗಿಳಿಯುತ್ತದೆ.

ಬೆಟ್ಟ ಕಣಿವೆಗಳನ್ನು ಕೊರೆದದ್ದು ಮಳೆ, ಗಾಳಿ. ಫಲಕಕ್ಕೇನು ಪಾಲು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬಾಬಾಬುಡನ್ ಗಿರಿ ಇಂದಿಗೂ ತಲೆಯೆತ್ತಿ ನಿಂತಿರುವುದು ಅದರ ಕಬ್ಬಿಣದ ಕಲ್ಲು ಸುಲಭಕ್ಕೆ ಸವೆಯದ ಕಾರಣ. ಆದರೆ ಕೊರೆಯುವ ನೀರು ಯಾವ ಕಡೆಗೆ ಹರಿಯಬೇಕೆಂಬುದನ್ನು ಮಳೆ ತೀರ್ಮಾನಿಸಲಿಲ್ಲ. ಆ ಗಿರಿಯಲ್ಲಿ ಹುಟ್ಟಿದ ವೇದಾ, ಅವತಿಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅರಬ್ಬೀ ಸಮುದ್ರ ಹತ್ತಿರದಲ್ಲೇ ಇದ್ದರೂ ಹೊಳೆ ಅದಕ್ಕೆ ಬೆನ್ನು ಹಾಕಿ, ವಾಣಿವಿಲಾಸ ಸಾಗರ ತುಂಬಿ, ತುಂಗಭದ್ರೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಅಂಚು ಎದ್ದು ನೆಲ ಮೂಡಲಿಗೆ ವಾಲಿದ್ದರ ಫಲ ಇದು.

ಜ್ವಾಲಾಮುಖಿಯಿಲ್ಲ, ಭೂಕಂಪವಿಲ್ಲ, ಫಲಕದ ಅಂಚು ಎಲ್ಲೋ ಹಿಮಾಲಯದಲ್ಲಿದೆ, ನಮಗೇಕೆ ಈ ಉಸಾಬರಿ ಎನ್ನುವವರೂ ಇದ್ದಾರೆ. ಅಂಚಿನಲ್ಲಿ ಬಿದ್ದ ಒತ್ತಡ ಅಂಚಿನಲ್ಲೇ ನಿಲ್ಲುವುದಿಲ್ಲ. ಗಟ್ಟಿ ನೆಲವೆಂದು ನಂಬಿದ್ದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಕಡೂರು ಸೀಮೆಯ ಬುಡದಲ್ಲೂ ಹಳೆಯ ಒತ್ತಡದ ಗುರುತಿದೆ; ಅಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಕಲ್ಲು. ಒಡೆದು ನೋಡಿದರೆ ಕಪ್ಪು ಬಿಳಿ ಪಟ್ಟೆಗಳು ಮಡಚಿ ತಿರುಚಿಕೊಂಡಿರುತ್ತವೆ. ಆಳದಲ್ಲಿ ಕಾದು, ಮೆತ್ತಗಾಗಿ, ಹಿಂಡಿಸಿಕೊಂಡ ಗುರುತು. ಆಗಲೂ ಫಲಕಗಳು ಇಂದಿನಂತೆಯೇ ಚಲಿಸುತ್ತಿದ್ದವೇ ಎಂಬ ಬಗ್ಗೆ ಭೂವಿಜ್ಞಾನಿಗಳ ಜಗಳ ಮುಗಿದಿಲ್ಲ. ಈ ಕಲ್ಲು ತಾನಾಗಿ ನೀರು ಹಿಡಿಯದು. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ, ಅದರ ಕೆಳಗೆ ಹಳೆಯ ಒತ್ತಡಗಳು ಬಿಟ್ಟುಹೋದ ಬಿರುಕುಗಳಲ್ಲಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ಲಿಗೆ ಜಾಗ ತೋರಿಸುವವರ ವಿದ್ಯೆಯನ್ನು ನಾನು ನಂಬುವುದಿಲ್ಲ. ಆದರೆ ಬಿರುಕು ಸಿಗದಿದ್ದರೆ ಭೂವಿಜ್ಞಾನಿ ತೋರಿಸಿದ ಜಾಗದಲ್ಲೂ ಮೇಲೆ ಬರುವುದು ಬರೀ ಕಲ್ಲಿನ ಪುಡಿಯೇ.