ಮಾದರಿ ಗೋಡೆ

ಕೆಡವಿಸಿ ಮತ್ತೆ ಕಟ್ಟಿಸಿದ ಮೇಲೆ ಕೊಚ್ಚಿ ಸೈಟಿನ ಮಾದರಿ ಗೋಡೆಯಲ್ಲಿ ಮೊನ್ನೆ ಸಂದುಗಳು ಒಂದೇ ಸಮ ಕೂತವು. ಇಡೀ ದಿನ ಅದೇ ಖುಷಿ. ದೊಡ್ಡ ಕಟ್ಟಡಗಳನ್ನು ಎಬ್ಬಿಸುವ ನನ್ನ ಕಸುಬಿನಲ್ಲಿ ಮಾದರಿ ಗೋಡೆಯಷ್ಟು ಪ್ರಿಯವಾದದ್ದು ಬೇರೆ ಇಲ್ಲ. ಅಸಲಿ ಗೋಡೆ ಏಳುವ ಮೊದಲೇ ಸೈಟಿನ ಮೂಲೆಯಲ್ಲಿ ಆಳೆತ್ತರದ ತುಂಡು ಗೋಡೆ ಏಳಬೇಕು. ಕಿಟಕಿಯ ಒಂದು ಮೂಲೆ, ಕರೆಂಟಿನ ಪೈಪು, ನೀರು ತೊಟ್ಟಿಕ್ಕುವ ಅಂಚು, ಎಲ್ಲವೂ ಅದರಲ್ಲಿರಬೇಕು. ಮೇಲಿಂದ ನೀರು ಹಾಯಿಸಿ ನೋಡುತ್ತೇನೆ. ಆರ್ಕಿಟೆಕ್ಟ್, ಗುತ್ತಿಗೆದಾರ, ಮೇಸ್ತ್ರಿ ಮೂವರೂ ಎದುರು ನಿಂತು ಒಪ್ಪಬೇಕು. ಕೆಲಸ ಮುಗಿಯುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ನಕ್ಷೆ ಹಿಡಿದು ತಿಂಗಳುಗಟ್ಟಲೆ ಎಳೆದಾಡುವ ತಕರಾರು ಗೋಡೆಯೆದುರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬಂಗಾಳದಿಂದ ಬಂದ ಮೇಸ್ತ್ರಿಗೆ ನನ್ನ ಮಲಯಾಳವೂ ಬೇಡ, ಹಿಂದಿಯೂ ಬೇಡ. ಬೆರಳಿಟ್ಟು ತೋರಿಸಿದರೆ ಸಾಕು.

ಇದು ದಂಡದ ಖರ್ಚು ಎನ್ನುವ ಮ್ಯಾನೇಜರುಗಳಿದ್ದಾರೆ. ಕಂಪ್ಯೂಟರಿನಲ್ಲಿ ಮಾಡೆಲ್ ಇದೆಯಲ್ಲ ಎನ್ನುತ್ತಾರೆ. ಇದೆ, ಪೈಪು ತೊಲೆಗೆ ತಾಗುವುದನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಜೂನ್ ಮಳೆ ಅಡ್ಡ ಬೀಸಿ ಚೌಕಟ್ಟಿನ ಹಿಂದೆ ನೀರು ನುಗ್ಗುವುದನ್ನು ಹಿಡಿಯುವುದಿಲ್ಲ. ಕೊಚ್ಚಿಯ ಮೆತ್ತನೆ ಜೇಡಿಯಲ್ಲಿ ಅಡಿಪಾಯದ ಪೈಲುಗಳು 40 ಮೀಟರಿಗೂ ಆಳಕ್ಕೆ ಇಳಿಯಬೇಕಾಗುತ್ತದೆ. ಅಲ್ಲಿ ಪರೀಕ್ಷೆಯ ಪೈಲು ಇಳಿಸಿ ಭಾರ ಹೇರುವುದನ್ನು ಯಾರೂ ದಂಡ ಎನ್ನುವುದಿಲ್ಲ. ಕಣ್ಣಿಗೆ ಕಾಣುವ ಗೋಡೆಗೆ ಮಾತ್ರ ಯಾಕೆ ಈ ಜಿಪುಣತನ?

ಅದಕ್ಕಿಂತ ರೇಗಿಸುವುದು ವೆಚ್ಚ ಇಳಿಸುವ ಸಭೆಗಳು. ಮೊದಲು ಗಾಳಿಯಾಡುವ ಜಾಲಿ ಗೋಡೆ ಹೋಗುತ್ತದೆ. ಆಮೇಲೆ ಸೂರಿನ ಚಾಚು ಮೋಟಾಗುತ್ತದೆ. ಆ ಜಾಗಕ್ಕೆ ಗಾಜು ಬರುತ್ತದೆ, ಗಾಜಿನ ಸೆಕೆಗೆ ಏಸಿ ಬರುತ್ತದೆ. ಇದನ್ನು ಉಳಿತಾಯವೆಂದು ಬರೆದುಕೊಳ್ಳುತ್ತಾರೆ! ಮುಂದೆ ಕರೆಂಟ್ ಬಿಲ್ಲು ಕಟ್ಟುವವರನ್ನು ಆ ಸಭೆಗೆ ಯಾರೂ ಕರೆದಿರುವುದಿಲ್ಲ. ಇದು ಮೋಸ, ಬೇರೆ ಹೆಸರು ನನಗೆ ಬೇಕಿಲ್ಲ.

ಉಳಿಸುವುದು ಹೇಗೆಂದು ನೋಡಬೇಕಾದರೆ ತಿರುವನಂತಪುರಕ್ಕೆ ಹೋಗಬೇಕು. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ 1971ರಲ್ಲಿ ಶುರುಮಾಡಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಉಳ್ಳೂರಿನಲ್ಲಿದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಅಲ್ಲಿ ಗುಡ್ಡ ಕಡಿಯದೆ ಇಳಿಜಾರಿನ ಜತೆಗೇ ಕಟ್ಟಿದರು. ಮರ ಅಡ್ಡ ಬಂದಲ್ಲಿ ಗೋಡೆಯೇ ಬಳಸಿ ಹೋಯಿತು. ಕಾಸರಗೋಡಿನ ಮುರಕಲ್ಲಿನ ಮನೆಗಳ ನಡುವೆ ಬೆಳೆದ ನನಗೆ ಅವರ ಸಿಮೆಂಟು ಮೆತ್ತದ ಗೋಡೆ ಹೊಸದಲ್ಲ. ಆದರೆ ಅವರ ರ‍್ಯಾಟ್ ಟ್ರ್ಯಾಪ್ ಬಾಂಡ್ ಈಗಲೂ ನನ್ನನ್ನು ನಿಲ್ಲಿಸಿಬಿಡುತ್ತದೆ. ಇಟ್ಟಿಗೆ ಅಂಚಿನ ಮೇಲೆ ನಿಲ್ಲುತ್ತದೆ, ನಡುವೆ ಟೊಳ್ಳು. ಸುಮಾರು ಕಾಲುಭಾಗ ಇಟ್ಟಿಗೆ ಮಿಗುತ್ತದೆ, ಟೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಗಾರೆ ಮಾತ್ರ ಒಳಗೆ ಬೀಳಬಾರದು. ಅದಕ್ಕೆ ಪಳಗಿದ ಕೈ ಬೇಕು.

ಅದೇ ನಗರದ ತಂಬಾನೂರಿನಲ್ಲಿರುವ ಇಂಡಿಯನ್ ಕಾಫಿ ಹೌಸ್ ಕೂಡ ಅವರದೇ. ಸುರುಳಿಯಾಗಿ ಏರುವ ನೆಲ, ಅದರುದ್ದಕ್ಕೂ ಗೋಡೆಗಂಟಿ ಕಟ್ಟಿದ ಮೇಜು, ಬೆಂಚು. ಹೊಸದಾಗಿ ಸೇರಿದ ಎಂಜಿನಿಯರುಗಳ ಕೈಗೆ ಟೇಪು ಕೊಟ್ಟು ನಾನು ಮೊದಲು ಅಲ್ಲಿಗೇ ಕಳಿಸುವುದು: ಏರುವ ನೆಲದ ಮೇಲೆ ಕಾಫಿ ಚೆಲ್ಲದಂತೆ ಮೇಜು ಕೂರಿಸಿದ್ದು ಹೇಗೆಂದು ಅಳೆದು ಬರಲಿಕ್ಕೆ.